ಯೋಚಿಸುವಾಗ ಮಿದುಳಿನ ರಕ್ತ ಎಷ್ಟು ಏರುತ್ತದೆ: ಟಿಸಿಡಿಯಲ್ಲಿ ಹೆಣ್ಣು-ಗಂಡು ಹೋಲಿಕೆ, ನನ್ನ ಅನುಭವ

ಹೆಣ್ಣು-ಗಂಡಿನ ಹೋಲಿಕೆಗೆ ಟಿಸಿಡಿ (ತಲೆಬುರುಡೆಯ ಮೂಲಕ ಅಲ್ಟ್ರಾಸೌಂಡ್ ಹಾಯಿಸಿ ಮಿದುಳಿನ ರಕ್ತದ ವೇಗ ಅಳೆಯುವ ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್) ಸಾಲದು, ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್) ಇಲ್ಲದಿದ್ದರೆ ಕೈಹಾಕಲೇಬೇಡಿ ಎಂದವರೇ ಹೆಚ್ಚು. ಈಗ ಅದೇ ವ್ಯಕ್ತಿಯನ್ನು ವಾರ ಬಿಟ್ಟು ಕೂರಿಸಿದರೂ ನಮ್ಮ ಎರಡೂ ಗ್ರಾಫು ಒಂದರ ಮೇಲೊಂದು ಕೂರುತ್ತವೆ. 1982ರಲ್ಲಿ ಟಿಸಿಡಿಯ ಜನಕ ರೂನ್ ಆಸ್ಲಿಡ್ ತೋರಿಸಿಕೊಟ್ಟ ಅದೇ 2 ಮೆಗಾಹರ್ಟ್ಸ್ ಪ್ರೋಬು, ಸೆಕೆಂಡ್‌ಹ್ಯಾಂಡ್ ಎರಡು ಚಾನೆಲ್ ಯಂತ್ರ. ಆರೇಳು ಲಕ್ಷದೊಳಗೆ ಮುಗಿಯಿತು.

ಎಂಸಿಎ (ಮಿದುಳಿನ ನಡು ಅಪಧಮನಿ) ಕಣತಲೆಯಿಂದ 50–55 ಮಿ.ಮೀ. ಆಳದಲ್ಲಿ ಸಿಗುತ್ತದೆ. ಸಿಕ್ಕಿದ್ದನ್ನು ಅರ್ಧ ಗಂಟೆ ಹಿಡಿದಿಡುವುದೇ ಕಷ್ಟ, ಅದರಲ್ಲೂ ಹೆಣ್ಣುಮಕ್ಕಳಲ್ಲಿ. ಜಡೆಯ ಬುಡ ಹೆಡ್‌ಬ್ಯಾಂಡನ್ನು ಹಿಂದಿನಿಂದ ಎತ್ತುತ್ತದೆ, ಕೊಬ್ಬರಿ ಎಣ್ಣೆಯ ಕೂದಲ ಮೇಲೆ ಪಟ್ಟಿ ನಿಲ್ಲುವುದಿಲ್ಲ, ಕಿವಿಯ ಮಾಟಿ ಪ್ರೋಬಿಗೆ ತಾಗಿದರೆ ಪ್ರತಿ ಅಲುಗಾಟಕ್ಕೂ ಗೆರೆ ಎಗರುತ್ತದೆ. ಕೋನ ಸ್ವಲ್ಪ ತಪ್ಪಿದರೂ ವೇಗ ನಾಲ್ಕೈದು ಪರ್ಸೆಂಟ್ ಇಳಿದಂತೆ ಕಾಣುತ್ತದೆ. ನಾವು ಹುಡುಕುವ ಏರಿಕೆಯೂ ಅಷ್ಟೇ! ಪ್ರೋಬು ಜಾರಿದ್ದನ್ನು ‘ಹೆಣ್ಣಿನ ಮಿದುಳು ಕಡಿಮೆ ಸ್ಪಂದಿಸಿತು’ ಎಂದು ಬರೆದುಬಿಡುವ ಅಪಾಯ ಇಲ್ಲೇ ಇದೆ. ಹಿಂದಿನ ದಿನ ತಲೆಗೆ ನೀರು ಹಾಕಿಕೊಳ್ಳಲಿ, ಎಣ್ಣೆ ಬೇಡ. ಜಡೆ ಕತ್ತಿನ ಹತ್ತಿರ ಸಡಿಲವಾಗಿ. ಮಾಟಿ, ಜುಮುಕಿ ತೆಗೆಸಿ, ಕಣತಲೆಯನ್ನು ಸ್ಪಿರಿಟ್‌ನಿಂದ ಒರೆಸಿ, ಹೆಡ್‌ಬ್ಯಾಂಡಿನ ಮೇಲೆ ಕ್ರೇಪ್ ಬ್ಯಾಂಡೇಜು ಸುತ್ತಿ. ಗದ್ದದ ಕೆಳಗೆ ಮಾತ್ರ ಪಟ್ಟಿ ಹಾಯಿಸಬೇಡಿ, ದವಡೆ ಬಿಗಿದಾಗಲೆಲ್ಲ ಪ್ರೋಬು ಏಳುತ್ತದೆ.

ವಯಸ್ಸಾದ ಹೆಂಗಸರಲ್ಲಿ ಕಣತಲೆಯ ಎಲುಬು ದಪ್ಪ, ಕೆಲವರಲ್ಲಿ ಕಿಟಕಿ (ಅಲ್ಟ್ರಾಸೌಂಡ್ ಒಳಹೋಗುವ ತೆಳು ಎಲುಬಿನ ಜಾಗ) ಸಿಗುವುದೇ ಇಲ್ಲ. ಅವರನ್ನು ಬಿಟ್ಟು ಗಂಡಸರನ್ನೆಲ್ಲ ಉಳಿಸಿಕೊಂಡರೆ ಹೋಲಿಕೆ ಅಲ್ಲೇ ವಾಲಿತು. ನಾವು 40 ದಾಟಿದವರನ್ನು ಸೇರಿಸಿಲ್ಲ. ಕಿಟಕಿ ಬೇಗ ಹಿಡಿಯುವ ಕೈಚಳಕವೊಂದಿದೆ. ಬರೆದರೆ ಅರ್ಥವಾಗದು, ಬಂದು ನೋಡಿದವರಿಗೆ ತೋರಿಸುತ್ತೇನೆ.

ಇನ್ನು ಹಿಮೋಗ್ಲೋಬಿನ್. ಸುಮ್ಮನೆ ಕೂತಾಗಲೂ ಹೆಣ್ಣುಮಕ್ಕಳ ಎಂಸಿಎ ವೇಗ ಗಂಡಸರಿಗಿಂತ ಸೆಕೆಂಡಿಗೆ ಐದಾರು ಸೆಂ.ಮೀ. ಹೆಚ್ಚು. 1982ರಲ್ಲೇ ಸಂಶೋಧಕ ರೂಬೆನ್ ಗರ್ ಅವರ ತಂಡ ಕ್ಸೆನಾನ್-133 (ವಿಕಿರಣಶೀಲ ಅನಿಲ) ಬಳಸಿ ಹೆಣ್ಣುಮಕ್ಕಳಲ್ಲಿ ಮಿದುಳಿನ ರಕ್ತಹರಿವು ಹೆಚ್ಚೆಂದು ಹೇಳಿತ್ತು. ಹಿಮೋಗ್ಲೋಬಿನ್ ಕಡಿಮೆಯಾಗಿ ರಕ್ತ ತೆಳುವಾದಷ್ಟೂ ವೇಗ ಏರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನಲ್ಲಿ 15–49 ವಯಸ್ಸಿನ ಭಾರತೀಯ ಹೆಂಗಸರಲ್ಲಿ 57 ಪರ್ಸೆಂಟ್ ಮಂದಿಗೆ ರಕ್ತಹೀನತೆ, ಗಂಡಸರಲ್ಲಿ 25. ಹೀಗಿರುವಾಗ ಬರೀ ವೇಗವನ್ನು ಹೋಲಿಸಿದರೆ ಸಿಗುವ ವ್ಯತ್ಯಾಸದಲ್ಲಿ ಯೋಚನೆಯ ಪಾಲೆಷ್ಟು, ರಕ್ತದ ಪಾಲೆಷ್ಟು? ಎಲ್ಲರಿಗೂ ಬೆರಳು ಚುಚ್ಚಿ ನೋಡಿ (ಸ್ಟ್ರಿಪ್ ತಲಾ ಐವತ್ತು ಚಿಲ್ಲರೆ). ಏರಿಕೆಯನ್ನು ಆಯಾ ವ್ಯಕ್ತಿಯ ತಳಮಟ್ಟದ ಪರ್ಸೆಂಟ್ ಆಗಿಯೇ ಬರೆಯಿರಿ.

ಟಿಸಿಡಿ ಯಂತ್ರ ಬಿಟ್ಟರೆ ಹಣ ಹೋಗಿದ್ದು ಕ್ಯಾಪ್ನೋಗ್ರಾಫಿಗೆ (ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಅಳೆಯುವ ಸಾಧನ), ಲಕ್ಷದ ಹತ್ತಿರ. ವ್ಯರ್ಥ ಎಂದರು. ಅದಿಲ್ಲದೆ ಈ ಕೆಲಸ ಆಗುತ್ತಲೇ ಇರಲಿಲ್ಲ. ಇಂಗಾಲದ ಡೈಆಕ್ಸೈಡ್ 1 ಮಿ.ಮೀ. ಪಾದರಸ ಬದಲಾದರೆ ವೇಗ ಸುಮಾರು 3 ಪರ್ಸೆಂಟ್ ಬದಲಾಗುತ್ತದೆ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದರೆ ಕೆಲವರು ಉಸಿರು ಹಿಡಿಯುತ್ತಾರೆ, ಕೆಲವರು ಏದುಸಿರು ಬಿಡುತ್ತಾರೆ. ಉಸಿರು ಹಿಡಿದರೆ ಇಲ್ಲದ ಏರಿಕೆ ಕಾಣುತ್ತದೆ, ಏದುಸಿರಿನಲ್ಲಿ ಇರುವ ಏರಿಕೆಯೂ ಮುಚ್ಚಿಹೋಗುತ್ತದೆ. ಮೂಗಿಗೆ ನಳಿಕೆ ಹಾಕಿ, ಉಸಿರು ಬಿಡುವ ಕೊನೆಯಲ್ಲಿನ ಡೈಆಕ್ಸೈಡ್ ಅಂಕಿ 1.5 ಮಿ.ಮೀ.ಗಿಂತ ಹೆಚ್ಚು ಸರಿದ ಸುತ್ತುಗಳನ್ನೆಲ್ಲ ಬಿಟ್ಟುಬಿಡುತ್ತೇವೆ. ಬೆಳಗಿನ ಫಿಲ್ಟರ್ ಕಾಫಿಗೂ ತಡೆ. ಕೆಫೀನ್ ಮಿದುಳಿನ ರಕ್ತಹರಿವನ್ನೇ ತಗ್ಗಿಸುತ್ತದೆ.

ಕೆಲಸಕ್ಕೆ ಲೆಕ್ಕ ಬಿಟ್ಟು ಪದ ಹುಡುಕುವುದನ್ನು ಆರಿಸಿದೆವು. ಉಸಿರಿನ ಪರಿಣಾಮ ಎಡಬಲಕ್ಕೆ ಹೆಚ್ಚುಕಡಿಮೆ ಸಮ, ಪದದ ಕೆಲಸ ಬಹುತೇಕರಲ್ಲಿ ಎಡಕ್ಕೆ ವಾಲುತ್ತದೆ. ಎಡದಿಂದ ಬಲ ಕಳೆದರೆ ಉಸಿರು ಹೊರಟುಹೋಗುತ್ತದೆ. ಒಂದು ಸುತ್ತು 60 ಸೆಕೆಂಡು: ಗಂಟೆ, 5 ಸೆಕೆಂಡು ಬಿಟ್ಟು ಪರದೆಯಲ್ಲಿ ಅಕ್ಷರ, 15 ಸೆಕೆಂಡು ಮನಸ್ಸಿನಲ್ಲೇ ಪದ, 5 ಸೆಕೆಂಡು ಬಾಯಿಬಿಟ್ಟು ಹೇಳುವುದು, ಉಳಿದದ್ದು ವಿಶ್ರಾಂತಿ. ಕ, ಮ, ಬ, ಸ, ಹ, ತ, ನ ಚೆನ್ನಾಗಿ ನಡೆಯುತ್ತವೆ. ಣ, ಳ ಕೊಟ್ಟರೆ ಪದವೇ ಸಿಗದೆ ಗಾಬರಿಯಾಗುತ್ತಾರೆ. ಕಾ, ಕಿ, ಕು ಎಲ್ಲ ‘ಕ’ದಲ್ಲೇ ಸೇರುತ್ತದೆ ಎಂದು ಮೊದಲೇ ಹೇಳಿ, ಇಲ್ಲವಾದರೆ ಅರ್ಧ ಸಮಯ ಆ ಅನುಮಾನದಲ್ಲೇ ಕಳೆಯುತ್ತದೆ. ಕಂಪ್ಯೂಟರಿನಿಂದ ಯಂತ್ರಕ್ಕೆ ಗುರುತು ಕಳಿಸಲು ಐನೂರು ರೂಪಾಯಿಯ ಆರ್ಡುಯಿನೋ (ಚಿಕ್ಕ ನಿಯಂತ್ರಕ ಬೋರ್ಡು) ಸಾಕು. ಲೆಕ್ಕ ಹಾಕುವಾಗ ಒಂದೊಂದು ನಾಡಿಬಡಿತದ ಸರಾಸರಿ ತೆಗೆದುಕೊಳ್ಳಿ. ಬಿಡಿ ಬಿಂದುಗಳನ್ನು ಹಿಡಿದರೆ ನಾಡಿಯ ಏರಿಳಿತವೇ ತುಂಬಿಕೊಳ್ಳುತ್ತದೆ.

ನಡುವೆ ಪಿಸಿಎ (ದೃಷ್ಟಿಯ ಭಾಗಕ್ಕೆ ರಕ್ತ ಒಯ್ಯುವ ಹಿಂದಿನ ಅಪಧಮನಿ) ಕಡೆಗೂ ಹೊರಳಿದೆವು. 65 ಮಿ.ಮೀ. ಆಸುಪಾಸಿಗೆ ಇಳಿಸಿ 20 ಸೆಕೆಂಡು ಕಣ್ಣು ಮುಚ್ಚಿಸಿ, 20 ಸೆಕೆಂಡು ಚಿತ್ರ ತೋರಿಸಿದರೆ ವೇಗ 15 ಪರ್ಸೆಂಟಿನಷ್ಟು ಜಿಗಿಯುತ್ತದೆ. ಯಂತ್ರ ಸರಿಯಿದೆಯೇ ಎಂದು ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಅಡಿಕೆ ಅಗಿಸಿಯೂ ನೋಡಿದೆವು. ಎಂಸಿಎ ಏರುತ್ತದೆ, ಆದರೆ ಪ್ರೋಬಿನ ಅಲುಗಾಟವನ್ನು ಬೇರ್ಪಡಿಸಲು ಆಗುವುದಿಲ್ಲ.

ಇಷ್ಟೆಲ್ಲ ಕಟ್ಟುನಿಟ್ಟಾದ ಮೇಲೆ ಪದದ ಕೆಲಸಕ್ಕೆ ಎಡ ಎಂಸಿಎ ಏರಿಕೆ ಹೆಣ್ಣು-ಗಂಡು ಇಬ್ಬರಲ್ಲೂ 4ರಿಂದ 6 ಪರ್ಸೆಂಟಿನ ಒಳಗೇ ಬಂತು. ಒಂದೇ ವಯಸ್ಸಿನ ಇಬ್ಬರು ಹೆಣ್ಣುಮಕ್ಕಳ ನಡುವಿನ ಅಂತರ ಹೆಣ್ಣು-ಗಂಡಿನ ಸರಾಸರಿ ಅಂತರಕ್ಕಿಂತ ದೊಡ್ಡದು. ಮುಟ್ಟಿನ 2ರಿಂದ 5ನೇ ದಿನದೊಳಗೆ, ಈಸ್ಟ್ರೋಜನ್ ಕೆಳಗಿರುವಾಗ ಕರೆಸಿದರೆ ಆ ಅಂತರವೂ ಒಂದಿಷ್ಟು ತಗ್ಗುತ್ತದೆ. ದಿನಾಂಕವನ್ನು ಮಹಿಳಾ ಸಹೋದ್ಯೋಗಿಯೇ ಕೇಳಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರ ಅಂಕಿಗಳನ್ನು ಬೇರೆ ಕಾಲಂನಲ್ಲಿ ಇಡಿ.