ಮೇಲ್ ಮರ್ಜ್: ಬಾಕಿ ಇಲ್ಲದವರಿಗೆ ನೋಟಿಸ್ ಹೋಗದಂತೆ ತಡೆಯುವುದು

ಪತ್ತಿನ ಸಹಕಾರ ಸಂಘದ ಸದಸ್ಯರ ಪಟ್ಟಿ ಎಕ್ಸೆಲ್‌ನಲ್ಲಿ, ಸಾಲದ ಬಾಕಿ ನೋಟಿಸ್ ವರ್ಡ್‌ನಲ್ಲಿ. ಪಟ್ಟಿಯ ಒಂದೊಂದು ಸಾಲಿನ ವಿವರವನ್ನೂ ಪತ್ರದಲ್ಲಿ ತುಂಬಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರತಿ ತಯಾರಿಸುವುದೇ ಮೇಲ್ ಮರ್ಜ್. ಪೂರ್ತಿ ಕಟ್ಟಿದವರಿಗೂ ಖಾತೆ ಮುಚ್ಚಿದವರಿಗೂ ನೋಟಿಸ್ ಹೋಗಬಾರದು. ಇದಕ್ಕಾಗಿ ಸಾಲು ಅಳಿಸಿ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳುವ ಗೋಜಿಗೆ ನಾನು ಹೋಗುವುದಿಲ್ಲ. ಎರಡು ಪಟ್ಟಿ ಆದಮೇಲೆ ಯಾವುದು ಸರಿ ಎಂದು ಹುಡುಕುವುದೇ ಒಂದು ಕೆಲಸ.

ವರ್ಡ್‌ನಲ್ಲಿ ಮೇಲಿಂಗ್ಸ್ ಟ್ಯಾಬ್, ರೂಲ್ಸ್, ಅದರಲ್ಲಿ 'ಸ್ಕಿಪ್ ರೆಕಾರ್ಡ್ ಇಫ್'. ಕಾಲಂ, ಹೋಲಿಕೆ, ಮೌಲ್ಯ ಮೂರನ್ನೂ ಕೊಟ್ಟರೆ ಸಾಕು. ಕರ್ಸರ್ ಮಾತ್ರ ಪತ್ರದ ಮೊದಲ ಅಕ್ಷರಕ್ಕೂ ಮುಂಚೆ ಇರಲಿ. ಪ್ರಿವ್ಯೂನಲ್ಲಿ ಎಲ್ಲ ಸದಸ್ಯರೂ ಕಾಣುತ್ತಾರೆ, ಗಾಬರಿ ಬೇಡ. ಈ ನಿಯಮ ಕೆಲಸ ಮಾಡುವುದು ಫಿನಿಶ್ ಆಂಡ್ ಮರ್ಜ್ ಕೊಟ್ಟಾಗಲೇ.

ಇಂಥ ನಿಯಮ ಎರಡು ಹಾಕಿದರೆ, ಯಾವ ಒಂದು ನಿಜವಾದರೂ ಆ ಸದಸ್ಯರ ದಾಖಲೆ ಬಿಟ್ಟುಹೋಗುತ್ತದೆ. ಎರಡೂ ನಿಜವಾದಾಗ ಮಾತ್ರ ಬಿಡಬೇಕು ಎಂದರೆ ವರ್ಡ್‌ನ ಫೀಲ್ಡ್ ಕೋಡ್ (ಇಂಥ ನಿಯಮದ ಹಿಂದೆ ಅಡಗಿರುವ ಸಂಕೇತ ಬರಹ) ಒಳಗೆ ಒದ್ದಾಡಬೇಕು. ಅದಕ್ಕೆ ಲೆಕ್ಕವನ್ನೆಲ್ಲ ಎಕ್ಸೆಲ್‌ಗೇ ಬಿಡುತ್ತೇನೆ: ಕೊನೆಯಲ್ಲಿ 'ನೋಟಿಸ್' ಎಂಬ ಕಾಲಂ, ಅದರಲ್ಲಿ ಇಫ್ ಮತ್ತು ಆಂಡ್ ಸೂತ್ರ. ಬಾಕಿ ಸೊನ್ನೆಗಿಂತ ಹೆಚ್ಚಿದ್ದು ಖಾತೆ ಚಾಲ್ತಿಯಲ್ಲಿದ್ದರೆ 1, ಇಲ್ಲದಿದ್ದರೆ 0. ವರ್ಡ್‌ನಲ್ಲಿ ಉಳಿಯುವುದು ಒಂದೇ ಸಾಲು: ನೋಟಿಸ್ 0 ಆಗಿದ್ದರೆ ಬಿಡು. ಸೂತ್ರವನ್ನು ಪಟ್ಟಿಯ ಕೆಳಗೂ ಎಳೆದಿದ್ದರೆ ಅಲ್ಲಿನ ಖಾಲಿ ಸಾಲುಗಳಿಗೂ 0 ಬಂದು ಅವೂ ಹೊರಗುಳಿಯುತ್ತವೆ.

ಎಡವುವುದು ಬಾಕಿ ಕಾಲಂನಲ್ಲಿ. ಗುಮಾಸ್ತರು ಬಾಕಿ ಇಲ್ಲದ ಕಡೆ 'ಇಲ್ಲ' ಎಂದೋ ಒಂದು ಅಡ್ಡಗೆರೆಯನ್ನೋ ಹಾಕಿರುತ್ತಾರೆ. ಎಕ್ಸೆಲ್‌ಗೆ ಅಕ್ಷರ ಯಾವಾಗಲೂ ಅಂಕಿಗಿಂತ ದೊಡ್ಡದು. ಹಾಗಾಗಿ 'ಇಲ್ಲ' ಎಂಬುದು ಸೊನ್ನೆಗಿಂತ ಹೆಚ್ಚೆಂದು ಲೆಕ್ಕವಾಗಿ, ಬಾಕಿಯೇ ಇಲ್ಲದವರಿಗೆ ನೋಟಿಸ್ ತಯಾರಾಗುತ್ತದೆ. ಬಾಕಿಯ ಕೋಶವನ್ನು 'ಎನ್' ಫಂಕ್ಷನ್ ಒಳಗೆ ಹಾಕಿದರೆ ಅಕ್ಷರವೆಲ್ಲ ಸೊನ್ನೆಯಾಗುತ್ತದೆ. ಆದರೆ ಅದರಲ್ಲೂ ಒಂದು ಅಪಾಯವಿದೆ: ಪಠ್ಯರೂಪದಲ್ಲಿ ಕೂತಿರುವ 4500 ಕೂಡ ಸೊನ್ನೆಯಾಗಿ, ನಿಜವಾಗಿ ಬಾಕಿ ಇರುವವರು ತಪ್ಪಿಹೋಗುತ್ತಾರೆ. ಕೋಶದ ಮೂಲೆಯಲ್ಲಿ ಹಸಿರು ತ್ರಿಕೋನ ಕಂಡರೆ ಅನುಮಾನಪಡಿ. ಆ ಕಾಲಂ ಆರಿಸಿ, ಡೇಟಾ ಟ್ಯಾಬ್‌ನ 'ಟೆಕ್ಸ್ಟ್ ಟು ಕಾಲಮ್ಸ್' ತೆರೆದು ನೇರ ಫಿನಿಶ್ ಒತ್ತಿದರೆ ಸಾಮಾನ್ಯವಾಗಿ ಅಂಕಿಗಳಾಗಿ ಬದಲಾಗುತ್ತವೆ.

ಹಾಳೆಯ ಮೊದಲ ಸಾಲಿನಲ್ಲಿ ಕಾಲಂ ಹೆಸರುಗಳೇ ಇರಬೇಕು. ಸಂಘದ ಹೆಸರನ್ನು ದಪ್ಪಕ್ಷರದಲ್ಲಿ ಮೇಲೆ ಬರೆದಿದ್ದರೆ ತೆಗೆಯಿರಿ. ಫೈಲನ್ನು ಸೇವ್ ಮಾಡಿ ಮುಚ್ಚಿದ ಮೇಲೆಯೇ ವರ್ಡ್‌ಗೆ ಜೋಡಿಸಿ.

ವಿಳಾಸದ ಲೇಬಲ್‌ಗಳಿಗೆ ಸ್ಕಿಪ್ ಬಳಸಬೇಡಿ. ಅದು ಪತ್ರವನ್ನೇ ಕೈಬಿಡುವ ನಿಯಮ. ಲೇಬಲ್‌ನಲ್ಲಾದರೆ ಒಂದೇ ಹಾಳೆಯಲ್ಲಿ ಹಲವರಿರುತ್ತಾರೆ. ಅಲ್ಲಿಗೆ 'ಎಡಿಟ್ ರೆಸಿಪಿಯೆಂಟ್ ಲಿಸ್ಟ್'ನ ಫಿಲ್ಟರ್ ಸರಿ, ನೋಟಿಸ್ 1 ಎಂದು ಕೊಟ್ಟರಾಯಿತು. ನಿಜ ಹೇಳಬೇಕೆಂದರೆ ಪತ್ರಗಳಿಗೂ ಫಿಲ್ಟರೇ ಸಲೀಸು, ಪ್ರಿವ್ಯೂನಲ್ಲೂ ಸರಿಯಾಗಿ ಕಾಣುತ್ತದೆ. ಎರಡು ಕಾಲಂಗಳನ್ನು ಪರಸ್ಪರ ಹೋಲಿಸಬೇಕಾದಾಗ, ಉದಾಹರಣೆಗೆ ಕಟ್ಟಿದ್ದು ಕಂತಿಗಿಂತ ಕಡಿಮೆಯೇ ಎಂದು ನೋಡಲು, ಫಿಲ್ಟರ್ ಸಾಲದು. ಮೇಲೆ ಹೇಳಿದ 'ನೋಟಿಸ್'ನಂಥ ಸಹಾಯಕ ಕಾಲಂ ಇದ್ದರೆ ಆ ಕೊರತೆಯೂ ಇಲ್ಲ.

ಪ್ರಿಂಟರ್‌ಗೆ ನೇರ ಕಳಿಸದೆ 'ಎಡಿಟ್ ಇಂಡಿವಿಜುವಲ್ ಡಾಕ್ಯುಮೆಂಟ್ಸ್' ಕೊಟ್ಟು ಹೊಸ ಫೈಲ್ ಮಾಡಿಸಿ. ಎಕ್ಸೆಲ್‌ನಲ್ಲಿ ಕೌಂಟ್‌ಇಫ್‌ನಿಂದ 1ಗಳನ್ನು ಎಣಿಸಿ. ಒಂದು ಪುಟದ ನೋಟಿಸ್ ಆದರೆ ಹೊಸ ಫೈಲ್‌ನ ಪುಟಗಳ ಸಂಖ್ಯೆ ಅದಕ್ಕೆ ಸರಿಹೊಂದಬೇಕು. ಪುಟ ಹೆಚ್ಚಿದ್ದರೆ ಮೊದಲು ಯಾರದ್ದೋ ಉದ್ದ ವಿಳಾಸದಿಂದ ನೋಟಿಸ್ ಎರಡನೇ ಪುಟಕ್ಕೆ ಜಾರಿದೆಯೇ ನೋಡಿ.