ಮೊದಲ ಸಲ ದೇವಸ್ಥಾನಕ್ಕೆ: ಬಲಗೈ ಖಾಲಿ ಇರಲಿ

ಬೇರೆ ಧರ್ಮದ, ಬೇರೆ ದೇಶದ ಗೆಳೆಯರು ಮೊದಲ ಸಲ ದೇವಸ್ಥಾನಕ್ಕೆ ಬಂದಾಗ ಚಪ್ಪಲಿ ಬಿಡುವವರೆಗೆ ಎಲ್ಲ ಸರಿಯಾಗಿಯೇ ನಡೆಯುತ್ತದೆ. ಎಡವಟ್ಟಾಗುವುದು ಗರ್ಭಗುಡಿಯ ಎದುರು, ಅರ್ಚಕರು ಆರತಿ ತಟ್ಟೆ ಹಿಡಿದು ಹೊರಬರುವ ಎರಡು ನಿಮಿಷದಲ್ಲಿ. ಬಲಗೈಯಲ್ಲಿ ಫೋನು, ಹೆಗಲಿಂದ ಜಾರುತ್ತಿರುವ ಬ್ಯಾಗು. ತೀರ್ಥ ಎದುರಿಗೆ ಬಂದಾಗ ಎಡಗೈ ಚಾಚುತ್ತಾರೆ. ಅರ್ಚಕರು ಮುಂದಿನವರ ಕಡೆಗೆ ತಿರುಗುತ್ತಾರೆ. ಬಂದವರು ತಮ್ಮನ್ನು ಬೇಕೆಂದೇ ಬಿಟ್ಟರು ಎಂದು ನೊಂದುಕೊಂಡು ಹೊರಡುತ್ತಾರೆ. ಸ್ವಲ್ಪ ತಯಾರಿ ಇದ್ದರೆ ಇದನ್ನು ಪೂರ್ತಿ ತಪ್ಪಿಸಬಹುದು.

ಹೆಜ್ಜೆ 1: ದೇವಸ್ಥಾನ ಮತ್ತು ಹೊತ್ತು ಆರಿಸಿಕೊಳ್ಳಿ

ಮೊದಲ ಭೇಟಿಗೆ ದೊಡ್ಡ ಕ್ಷೇತ್ರ ಬೇಡವೇ ಬೇಡ. ಎರಡು ಗಂಟೆ ಸಾಲಿನಲ್ಲಿ ನಿಂತು, ದೇವರ ಮುಂದೆ ಎರಡು ಸೆಕೆಂಡು ನೂಕಿಸಿಕೊಂಡು ಬಂದರೆ ಏನೂ ತಿಳಿಯುವುದಿಲ್ಲ. ಬಡಾವಣೆಯ ಅಥವಾ ಊರಿನ ಚಿಕ್ಕ ದೇವಸ್ಥಾನಕ್ಕೆ ಬೆಳಿಗ್ಗೆ ಏಳರಿಂದ ಎಂಟೂವರೆಯೊಳಗೆ ಹೋಗಿ. ವಾರವನ್ನೂ ನೋಡಿಕೊಳ್ಳಿ: ಸೋಮವಾರ ಶಿವನ ಗುಡಿ, ಮಂಗಳವಾರ ಮತ್ತು ಶುಕ್ರವಾರ ಅಮ್ಮನವರ ಗುಡಿ, ಶನಿವಾರ ಆಂಜನೇಯ ಮತ್ತು ವೆಂಕಟರಮಣನ ಗುಡಿ ತುಂಬಿರುತ್ತವೆ. ಸಂಕಷ್ಟಿಯ ಸಂಜೆ ಗಣಪತಿ ಗುಡಿಯ ಹತ್ತಿರ ಸುಳಿಯಬೇಡಿ. ಮಧ್ಯಾಹ್ನದ ಮಹಾಮಂಗಳಾರತಿಯ ನಂತರ ಬಾಗಿಲು ಹಾಕಿದರೆ ಬಹುತೇಕ ಕಡೆ ಮತ್ತೆ ತೆರೆಯುವುದು ನಾಲ್ಕು ಅಥವಾ ಐದಕ್ಕೆ. ಗ್ರಹಣದ ದಿನ ಹೋಗುವುದಾದರೆ ಮೊದಲೇ ವಿಚಾರಿಸಿ.

ಶಿಲ್ಪವನ್ನೂ ನೋಡಬೇಕು, ಪೂಜೆಯನ್ನೂ ನೋಡಬೇಕು ಎನ್ನುವವರಿಗೆ ಬೇಲೂರಿನ ಚೆನ್ನಕೇಶವ ಒಳ್ಳೆಯ ಆಯ್ಕೆ. ಅಲ್ಲಿ ನಿತ್ಯಪೂಜೆ ಇಂದಿಗೂ ನಡೆಯುತ್ತದೆ. ಸೋಮನಾಥಪುರದ ಕೇಶವ ದೇವಾಲಯವಾಗಲಿ ಹಂಪಿಯ ವಿಜಯವಿಠ್ಠಲವಾಗಲಿ ಅದ್ಭುತ ಕಟ್ಟಡಗಳೇ, ಆದರೆ ಅಲ್ಲಿ ಪೂಜೆ ಇಲ್ಲ. ಹಂಪಿಗೆ ಹೋದವರು ಪೂಜೆ ನೋಡಲು ವಿರೂಪಾಕ್ಷನ ಗುಡಿಗೆ ಹೋಗಬೇಕು.

ಹಿಂದೂಗಳಲ್ಲದವರಿಗೆ ಪ್ರವೇಶ ಇದೆಯೇ ಎಂಬುದನ್ನು ಹೊರಡುವ ಮುಂಚೆಯೇ ಖಚಿತಪಡಿಸಿಕೊಳ್ಳಿ. ಪುರಿಯ ಜಗನ್ನಾಥ, ಭುವನೇಶ್ವರದ ಲಿಂಗರಾಜ, ಗುರುವಾಯೂರು, ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನಗಳಲ್ಲಿ ಇಲ್ಲ. ತಿರುಮಲದಲ್ಲಿ ಅನ್ಯಧರ್ಮೀಯರು ಸ್ವಾಮಿಯಲ್ಲಿ ನಂಬಿಕೆ ಇದೆ ಎಂಬ ಘೋಷಣಾಪತ್ರಕ್ಕೆ ಸಹಿ ಹಾಕಬೇಕು. ಇನ್ನು ಕೆಲವೆಡೆ ಹೊರಪ್ರಾಕಾರದವರೆಗೆ ಬಿಟ್ಟು ಒಳಗೆ ಬಿಡುವುದಿಲ್ಲ. ಕರೆದುಕೊಂಡು ಹೋಗುವವರಿಗೆ ಒಂದು ಮಾತು: ಅತಿಥಿಯನ್ನು ಬಾಗಿಲವರೆಗೆ ಕರೆದೊಯ್ದು ಅಲ್ಲಿ ಹೊರಗೆ ನಿಲ್ಲಿಸುವಂತಾಗುವುದು ದೊಡ್ಡ ಅವಮಾನ. ‘ಹೇಗೋ ಒಳಗೆ ಸೇರಿಸೋಣ’ ಎಂಬ ಉಪಾಯವನ್ನಂತೂ ಮಾಡಲೇಬೇಡಿ. ಸಿಕ್ಕಿಬಿದ್ದಾಗ ಮಾತು ಕೇಳುವವರು ಅತಿಥಿ, ನೀವಲ್ಲ.

ಹೆಜ್ಜೆ 2: ಉಡುಪು

ಭುಜ ಮತ್ತು ಮೊಣಕಾಲು ಮುಚ್ಚಿರಬೇಕು. ಹೆಂಗಸರಿಗೆ ಸೀರೆ, ಸಲ್ವಾರ್, ಉದ್ದ ಲಂಗ. ಗಂಡಸರಿಗೆ ಪ್ಯಾಂಟು ಅಥವಾ ಪಂಚೆ. ಬಹುತೇಕ ಗುಡಿಗಳಿಗೆ ಇಷ್ಟು ಸಾಕು.

ಕರಾವಳಿ ಮತ್ತು ಮಲೆನಾಡಿನ ಕಡೆ ಹೋಗುವ ಗಂಡಸರಿಗೆ ಇನ್ನೊಂದು ನಿಯಮ ಇದೆ. ಧರ್ಮಸ್ಥಳ, ಕೊಲ್ಲೂರು, ಹೊರನಾಡುಗಳಲ್ಲಿ, ಉಡುಪಿಯ ಶ್ರೀಕೃಷ್ಣ ಮಠದ ಒಳಗೆ ಅಂಗಿ ಬನಿಯನ್ ಎರಡನ್ನೂ ತೆಗೆಯಬೇಕು. ಸಂಕೋಚ ಆಗುವವರು ಹೆಗಲಿಗೆ ಹೊದೆಯಲು ಒಂದು ಹತ್ತಿಯ ಶಲ್ಯ ಇಟ್ಟುಕೊಳ್ಳಿ. ತೆಗೆದ ಅಂಗಿಯನ್ನು ಮಡಚಿ ಎಡಗೈಯಲ್ಲಿ ಹಿಡಿಯಿರಿ. ಬಲಗೈ ಖಾಲಿ ಇರಬೇಕು.

ಪಂಚೆ ಕೊಳ್ಳುವುದಾದರೆ ಎಂಟು ಮೊಳದ್ದನ್ನೇ ಕೊಳ್ಳಿ, ಅಂದರೆ ಸುಮಾರು 3.6 ಮೀಟರ್. ನಾಲ್ಕು ಮೊಳದ್ದು ಒಂದೇ ಸುತ್ತು ಬರುತ್ತದೆ, ನಡೆಯುವಾಗ ಬಾಯಿ ಬಿಡುತ್ತದೆ, ಅಭ್ಯಾಸ ಇಲ್ಲದವರು ದಾರಿಯುದ್ದಕ್ಕೂ ಒಂದು ಕೈಯಲ್ಲಿ ಅದನ್ನೇ ಹಿಡಿದಿರುತ್ತಾರೆ. ನೈಲಾನ್ ಮಿಶ್ರಣದ ಹೊಳೆಯುವ ಪಂಚೆ ಜಾರುತ್ತದೆ, ಬೆವರೂ ಹೀರುವುದಿಲ್ಲ. ವೆಲ್ಕ್ರೋ ಇರುವ ಪಂಚೆಯನ್ನು ಕಂಡು ಹಳಬರು ಮೂಗು ಮುರಿಯಬಹುದು, ಆದರೆ ಮೊದಲ ಸಲದವರಿಗೆ ಅದೇ ಕ್ಷೇಮ. ಮೆಟ್ಟಿಲು ಹತ್ತುವಾಗ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದರೆ ಗುಡಿಯ ಬಾಗಿಲಲ್ಲೇ ಕೆಳಗಿಳಿಸಿ. ಎತ್ತಿ ಕಟ್ಟಿದ ಪಂಚೆಯಲ್ಲಿ ದೇವರೆದುರು ನಿಲ್ಲುವುದು ಅಗೌರವ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರೂ ಗಮನಿಸುತ್ತಾರೆ.

ಮುಟ್ಟಿನ ದಿನಗಳಲ್ಲಿ ಮತ್ತು ಮನೆಯಲ್ಲಿ ಸೂತಕ ಇರುವಾಗ ಗುಡಿಗೆ ಹೋಗದಿರುವುದು ರೂಢಿ. ಬಾಗಿಲಲ್ಲಿ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ರೂಢಿ ಹೀಗಿದೆ ಎಂದು ಅತಿಥಿಗೆ ಮೊದಲೇ, ಮನೆಯಲ್ಲೇ ತಿಳಿಸಿದರೆ ಒಳ್ಳೆಯದು.

ಹೆಜ್ಜೆ 3: ಚಪ್ಪಲಿ, ಕಾಲು, ಬುಟ್ಟಿ

ಚಪ್ಪಲಿಯನ್ನು ದೇವಸ್ಥಾನದ ಸ್ಟ್ಯಾಂಡಿನಲ್ಲೇ ಬಿಡಿ, ನಲ್ಲಿಯಲ್ಲಿ ಕಾಲು ತೊಳೆಯಿರಿ. ಬೇಸಿಗೆಯಲ್ಲಿ ಹತ್ತು ಗಂಟೆಯ ನಂತರ ಕಲ್ಲುಹಾಸು ಅಂಗಾಲು ಸುಡುತ್ತದೆ. ನಾರಿನ ಚಾಪೆ ಹಾಸಿದ್ದರೆ ಅದರ ಮೇಲೆಯೇ ನಡೆಯಿರಿ.

‘ಇಲ್ಲೇ ಬಿಡಿ, ಕಾಸಿಲ್ಲ’ ಎಂದು ಕರೆಯುವ ಅಂಗಡಿಗಳಲ್ಲಿ ಚಪ್ಪಲಿ ಬಿಟ್ಟರೆ ಪೂಜೆಯ ಬುಟ್ಟಿ ಕೊಳ್ಳದೆ ವಾಪಸು ಬರುವುದು ಕಷ್ಟ. ಬುಟ್ಟಿ ಕಡ್ಡಾಯ ಅಲ್ಲ. ಬರಿಗೈಯಲ್ಲಿ ಹೋದರೂ ದರ್ಶನ ಆಗುತ್ತದೆ. ಏನಾದರೂ ಒಯ್ಯಬೇಕು ಎನಿಸಿದರೆ ಒಂದು ಮೊಳ ಮಲ್ಲಿಗೆಯೋ ಸೇವಂತಿಗೆಯೋ ಸಾಕು. ವಿಷ್ಣುವಿಗೆ ತುಳಸಿ, ಶಿವನಿಗೆ ಬಿಲ್ವಪತ್ರೆ. ಹೂ ಕೊಂಡರೆ ಮೂಸಿ ನೋಡಬೇಡಿ, ಮೂಸಿದ ಹೂವನ್ನು ದೇವರಿಗೆ ಏರಿಸುವುದಿಲ್ಲ. ಪ್ಲಾಸ್ಟಿಕ್ ದಾರದಲ್ಲಿ ಪೋಣಿಸಿದ ಹಾರ ಬೇಡ. ‘ದೀಪದ ಎಣ್ಣೆ’ ಎಂದು ಬರುವ ಅಗ್ಗದ ಪ್ಯಾಕೆಟ್ಟುಗಳಿಗಿಂತ ಎಳ್ಳೆಣ್ಣೆಯ ಚಿಕ್ಕ ಬಾಟಲಿ ಎಷ್ಟೋ ಮೇಲು. ಊದುಬತ್ತಿ, ಕರ್ಪೂರ ಹಚ್ಚುವುದನ್ನು ಈಗ ಅನೇಕ ಗುಡಿಗಳ ಒಳಗೆ ಬಿಡುವುದೇ ಇಲ್ಲ. ಅವು ಬುಟ್ಟಿಯಲ್ಲೇ ಉಳಿಯುತ್ತವೆ.

ಅರ್ಚನೆ ಮಾಡಿಸುವುದಾದರೆ ಕೌಂಟರಿನಲ್ಲಿ ಸೇವಾ ಚೀಟಿ ಮಾಡಿಸಿ. ದರಪಟ್ಟಿ ಗೋಡೆಯ ಮೇಲಿರುತ್ತದೆ. ಹೆಸರು, ಗೋತ್ರ, ನಕ್ಷತ್ರ, ರಾಶಿ ಕೇಳುತ್ತಾರೆ. ಹೊಸಬರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಹೆಸರು ಮಾತ್ರ ಹೇಳಿ, ‘ಉಳಿದದ್ದು ಗೊತ್ತಿಲ್ಲ’ ಎನ್ನಿ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಎಂದು ಹೇಳಿ ಸಂಕಲ್ಪ ಮಾಡುವುದು ಹಳೆಯ ವಾಡಿಕೆ. ಗೋತ್ರ ಮರೆತ ಇಲ್ಲಿನವರಿಗೂ ಹಾಗೆಯೇ ಮಾಡುತ್ತಾರೆ.

ಹೆಜ್ಜೆ 4: ಒಳಗೆ ಹೋಗುವುದು

ಹೊಸ್ತಿಲನ್ನು ತುಳಿಯದೆ ದಾಟಿ, ಬಲಗಾಲು ಮೊದಲು. ಧ್ವಜಸ್ತಂಭದ ಬಳಿ ಕೈಮುಗಿಯಿರಿ. ಫೋನ್ ಸ್ವಿಚ್ ಆಫ್ ಮಾಡಿ ಬ್ಯಾಗಿಗೆ ಹಾಕಿ, ಕಿಸೆಗೂ ಬೇಡ. ಗರ್ಭಗುಡಿಯ ಮೂರ್ತಿಯ ಫೋಟೋ ತೆಗೆಯಬಾರದು. ಪ್ರತಿಷ್ಠೆ ಆದ ಮೂರ್ತಿ ಸಾಕ್ಷಾತ್ ದೇವರೇ, ಅನುಮತಿ ಇಲ್ಲದೆ ಕ್ಲಿಕ್ಕಿಸಲು ಅದು ವಸ್ತುಸಂಗ್ರಹಾಲಯದ ಶಿಲ್ಪವಲ್ಲ.

ಹೆಜ್ಜೆ 5: ಗರ್ಭಗುಡಿಯ ಎದುರು

ಇಲ್ಲಿ ನಿಧಾನವಾಗಿ ಓದಿ.

ನಿಲ್ಲುವ ಜಾಗ ಮೊದಲು. ದೇವರಿಗೆ ನೇರ ಎದುರು, ನಡುಮಧ್ಯದಲ್ಲಿ ನಿಲ್ಲಬೇಡಿ, ಹಿಂದಿನವರಿಗೆ ಮರೆಯಾಗುತ್ತದೆ. ಸ್ವಲ್ಪ ಪಕ್ಕಕ್ಕೆ ನಿಂತು ಓರೆಯಾಗಿ ನೋಡಿ. ಶಿವನ ಗುಡಿಯಲ್ಲಿ ನಂದಿಗೂ ಲಿಂಗಕ್ಕೂ ನಡುವೆ ನಿಲ್ಲಬಾರದು, ಅಡ್ಡ ಹಾಯಬಾರದು. ಉಡುಪಿಯಲ್ಲಿ ಕೃಷ್ಣನನ್ನು ನೋಡುವುದು ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯ ಮೂಲಕ. ಬಗ್ಗಿ ಕಣ್ಣು ಹತ್ತಿರ ತಂದರೆ ಮಾತ್ರ ಕಾಣುತ್ತದೆ, ದೂರ ನಿಂತವರು ಬೆಳ್ಳಿಯ ತಗಡನ್ನಷ್ಟೇ ನೋಡಿ ಬರುತ್ತಾರೆ.

ತೆರೆ ಎಳೆದಿದ್ದರೆ ಬಾಗಿಲು ಹಾಕಿದೆ ಎಂದುಕೊಂಡು ಹೊರಡಬೇಡಿ. ಒಳಗೆ ಅಲಂಕಾರವೋ ನೈವೇದ್ಯವೋ ನಡೆಯುತ್ತಿರುತ್ತದೆ. ಗಂಟೆ ಜಾಗಟೆ ಶುರುವಾಗಿ ತೆರೆ ಸರಿಯುತ್ತದೆ, ಆರತಿ ಎತ್ತುತ್ತಾರೆ. ಆಗ ಕಣ್ಣು ಮುಚ್ಚಬೇಡಿ. ಅಷ್ಟೊತ್ತು ಕತ್ತಲಲ್ಲಿದ್ದ ಮೂರ್ತಿಯ ಮುಖ, ಹೂವಿನ ಎಡೆಯಿಂದ ಕಾಣುವ ಕಣ್ಣು, ಎದೆಯ ಪದಕ, ಪಾದ ಎಲ್ಲವನ್ನೂ ಆ ಬೆಳಕಿನಲ್ಲೇ ನೋಡಬೇಕು. ದರ್ಶನ ಎಂದರೆ ಇದೇ.

ಆಮೇಲೆ ತಟ್ಟೆ ನಿಮ್ಮ ಬಳಿ ಬರುತ್ತದೆ. ಎರಡೂ ಅಂಗೈಗಳನ್ನು ಜ್ವಾಲೆಯ ಮೇಲಿಂದ ಒಂದು ಗೇಣು ಎತ್ತರದಲ್ಲಿ ಮೆಲ್ಲಗೆ ಹಾಯಿಸಿ, ಕಣ್ಣಿಗೆ ಒತ್ತಿಕೊಳ್ಳಿ. ಜ್ವಾಲೆಯನ್ನು ಮುಟ್ಟಬೇಡಿ, ಊದಬೇಡಿ. ಸೆರಗು, ದುಪಟ್ಟಾ, ಶಲ್ಯದ ತುದಿಯನ್ನು ಎಡಗೈಯಲ್ಲಿ ಮೊದಲೇ ಹಿಂದಕ್ಕೆ ಸರಿಸಿ, ಆಮೇಲೆ ಎರಡೂ ಕೈ ಚಾಚಿ. ತಟ್ಟೆಗೆ ಕಾಸು ಹಾಕುವುದಾದರೆ ಮೊದಲೇ ಎತ್ತಿಟ್ಟುಕೊಂಡು ಬಲಗೈಯಿಂದ ಅಂಚಿಗೆ ಇಡಿ. ಜ್ವಾಲೆಯ ಪಕ್ಕ ನೋಟು ಇಟ್ಟರೆ ಹೊತ್ತಿಕೊಳ್ಳುತ್ತದೆ.

ತೀರ್ಥ. ಬಲ ಅಂಗೈಯನ್ನು ಗುಂಡಿಯಾಗಿಸಿ: ತೋರುಬೆರಳನ್ನು ಮಡಚಿ ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಉಳಿದ ಮೂರು ಬೆರಳು ಜೋಡಿಸಿ ಸ್ವಲ್ಪ ಮೇಲಕ್ಕೆತ್ತಿ. ಅಂಗೈ ನಡುವೆ ಒಂದು ಚಮಚ ನೀರು ನಿಲ್ಲುವ ಹಳ್ಳ ಬೀಳುತ್ತದೆ. ಬೆರಳು ಬಿಡಿಸಿಟ್ಟರೆ ಸಂದಿಯಿಂದ ಸೋರಿ ನೆಲಕ್ಕೆ ಬೀಳುತ್ತದೆ. ತೀರ್ಥ ನೆಲಕ್ಕೆ ಬೀಳಬಾರದು ಎಂದೇ ಬಲಗೈಯ ಕೆಳಗೆ ಎಡಗೈ ಹಿಡಿಯುವುದು. ‘ಅಕಾಲಮೃತ್ಯುಹರಣಂ’ ಎಂದು ಅರ್ಚಕರು ಹೇಳುತ್ತಾ ಹಾಕುತ್ತಾರೆ. ಸದ್ದಿಲ್ಲದೆ ಹೀರಿ. ಮಾಧ್ವರ ಗುಡಿಗಳಲ್ಲಿ ಮೂರು ಸಲ ಕೊಡುತ್ತಾರೆ, ಹಾಗಾಗಿ ಒಂದು ಸಲ ಕುಡಿದು ಕೈ ಹಿಂದೆಗೆಯಬೇಡಿ. ತುಳಸಿ, ಪಚ್ಚಕರ್ಪೂರ ಬಿದ್ದಿರುವುದರಿಂದ ನಾಲಿಗೆ ತಣ್ಣಗೆ ಚುರುಗುಟ್ಟುತ್ತದೆ. ಗಾಬರಿ ಬೇಡ, ಪಚ್ಚಕರ್ಪೂರ ತಿನ್ನುವಂಥದ್ದು. ಅಂಗಡಿಯಲ್ಲಿ ಉರಿಸಲು ಸಿಗುವ ಕರ್ಪೂರ ಬೇರೆ, ಅದನ್ನು ಬಾಯಿಗೆ ಹಾಕಲೇಬಾರದು.

ಶ್ರೀವೈಷ್ಣವರ ಗುಡಿಯಾದರೆ ತೀರ್ಥದ ನಂತರ ಶಠಾರಿ ಬರುತ್ತದೆ: ಮೇಲೆ ದೇವರ ಪಾದಗಳಿರುವ, ಕಿರೀಟದಂಥ ಲೋಹದ ಪಾತ್ರೆ. ಟೋಪಿ ತೆಗೆದು ತಲೆ ಬಾಗಿಸಿ ನಿಂತರೆ ಸಾಕು, ಅರ್ಚಕರೇ ತಲೆಗೆ ತಾಗಿಸುತ್ತಾರೆ. ಕೈಯಲ್ಲಿ ಇಸಿದುಕೊಳ್ಳಲು ಹೋಗಬೇಡಿ.

ಕೊನೆಗೆ ಗಂಧ, ಕುಂಕುಮ ಅಥವಾ ವಿಭೂತಿ, ಹೂ. ಕರಾವಳಿಯಲ್ಲಿ ಗಂಧಪ್ರಸಾದವನ್ನು ಮೇಲಿನಿಂದಲೇ ಅಂಗೈಗೆ ಬೀಳಿಸುತ್ತಾರೆ. ಹೊರಗಿನಿಂದ ಬಂದವರಿಗೆ ಇದು ಬಹಳ ನೋವು ಕೊಡುತ್ತದೆ. ಅರ್ಚಕರು ಮಡಿಯಲ್ಲಿರುತ್ತಾರೆ, ಪೂಜೆ ಮುಗಿಯುವವರೆಗೆ ಯಾರನ್ನೂ ಮುಟ್ಟುವುದಿಲ್ಲ, ಸ್ವಂತ ಮಕ್ಕಳನ್ನೂ. ಇದನ್ನು ಒಳಗೆ ಹೋಗುವ ಮುಂಚೆಯೇ ಅತಿಥಿಗೆ ಹೇಳುವುದು ಕರೆದೊಯ್ದವರ ಕರ್ತವ್ಯ. ಅರ್ಚಕರಿಗೆ ಕೈಕುಲುಕಲು ಹೋಗಬೇಡಿ, ಕೈಮುಗಿಯಿರಿ.

ನಿಮ್ಮ ಧರ್ಮದಲ್ಲಿ ಬೇರೆ ದೇವರ ಪ್ರಸಾದ ಸ್ವೀಕರಿಸುವಂತಿಲ್ಲವೇ? ಸ್ವೀಕರಿಸಬೇಕಿಲ್ಲ. ತಟ್ಟೆ ಬರುವ ಮುಂಚೆಯೇ ಎರಡು ಹೆಜ್ಜೆ ಹಿಂದೆ ಸರಿದು ನಿಂತರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೈಗೆ ತೆಗೆದುಕೊಂಡ ಮೇಲೆ ಕಂಬಕ್ಕೆ ಒರೆಸುವುದು, ಕಸದ ಬುಟ್ಟಿಗೆ ಹಾಕುವುದು ಮಾತ್ರ ನೋಯಿಸುತ್ತದೆ. ತೆಗೆದುಕೊಂಡದ್ದು ಬೇಡವಾದರೆ ಜೊತೆಗಿರುವ ಭಕ್ತರಿಗೆ ಕೊಡಿ, ಹೂವಾದರೆ ಗಿಡದ ಬುಡಕ್ಕೆ ಹಾಕಿ. ಕುಂಕುಮಕ್ಕೂ ಇದೇ ಮಾತು. ಅಂದಹಾಗೆ, ಹಣೆಗಿಟ್ಟ ಕುಂಕುಮ ತುರಿಸಿದರೆ ತಕ್ಷಣ ತೊಳೆಯಿರಿ. ಅಗ್ಗದ ಬಣ್ಣ ಬೆರೆಸಿದ ಕುಂಕುಮ ಪೇಟೆಯಲ್ಲಿ ಧಾರಾಳವಾಗಿದೆ. ಅರಿಶಿನ, ಸುಣ್ಣದಿಂದ ಮಾಡಿದ ನಿಜವಾದ ಕುಂಕುಮ ಕಣ್ಣು ಕುಕ್ಕುವ ಕೆಂಪಿರುವುದಿಲ್ಲ.

ಹೆಜ್ಜೆ 6: ಪ್ರದಕ್ಷಿಣೆ

ದೇವರು ಬಲಗೈ ಕಡೆ ಇರುವಂತೆ ಸುತ್ತಿ. ಎಷ್ಟು ಸುತ್ತು ಎಂಬುದು ಗುಡಿಗೊಂದು ಪದ್ಧತಿ. ಮೂರು ಮಾಡಿದರೆ ನಡೆಯುತ್ತದೆ.

ಶಿವನ ಗುಡಿಯಲ್ಲಿ ಮಾತ್ರ ಪೂರ್ತಿ ಸುತ್ತಬಾರದು. ಲಿಂಗದ ಅಭಿಷೇಕದ ನೀರು ಹೊರಬರುವ ಗೋಮುಖಿ ಉತ್ತರದ ಗೋಡೆಯಲ್ಲಿರುತ್ತದೆ, ಅದನ್ನು ದಾಟುವಂತಿಲ್ಲ. ಎದುರಿನಿಂದ ಹೊರಟು ಗೋಮುಖಿಯವರೆಗೆ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗಿ, ಗೋಮುಖಿಯ ಇನ್ನೊಂದು ಬದಿಯವರೆಗೆ ಹೋಗಿ ವಾಪಸು ಬಂದರೆ ಒಂದು ಪ್ರದಕ್ಷಿಣೆ. ಜನ ಇದ್ದಾಗ ಮುಂದಿನವರ ಹಿಂದೆ ಕಣ್ಣುಮುಚ್ಚಿ ಹೋಗಬೇಡಿ. ಅವರೂ ನಿಮ್ಮಂತೆ ಹೊಸಬರಿರಬಹುದು.

ಮುಗಿದ ಮೇಲೆ ಜಗಲಿಯ ಮೇಲೆ ಐದು ನಿಮಿಷ ಕುಳಿತುಕೊಳ್ಳಿ. ಕಾಲನ್ನು ಗರ್ಭಗುಡಿಯ ಕಡೆ ಚಾಚಬೇಡಿ.

ಹೆಜ್ಜೆ 7: ಊಟ ಮತ್ತು ಕಾಣಿಕೆ

ಧರ್ಮಸ್ಥಳ, ಶೃಂಗೇರಿ, ಹೊರನಾಡು, ಕಟೀಲುಗಳಲ್ಲಿ ಬಂದವರಿಗೆಲ್ಲ ಊಟ ಇದೆ. ತಪ್ಪಿಸಿಕೊಳ್ಳಬೇಡಿ. ಪಂಕ್ತಿಯಲ್ಲಿ ಕುಳಿತು ಬಲಗೈಯಲ್ಲೇ ಉಣ್ಣಬೇಕು. ಬಾಳೆ ಎಲೆಯಾದರೆ ತುದಿ ನಿಮ್ಮ ಎಡಕ್ಕೆ ಇರಲಿ. ಎಲ್ಲರಿಗೂ ಬಡಿಸಿ ಗೋವಿಂದ ಹೇಳಿದ ಮೇಲೆ ತುತ್ತು ಎತ್ತಿ. ಅನ್ನ ಎರಡು, ಮೂರು ಸಲ ಬರುತ್ತದೆ. ಮೊದಲ ಸಲವೇ ರಾಶಿ ಹಾಕಿಸಿಕೊಂಡು ಬಿಡುವುದು ಬೇಡ. ಸಾಕಾದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಿರಿ. ಪಂಕ್ತಿ ಮುಗಿಯುವ ಮುಂಚೆ ಏಳಬೇಡಿ.

ಕಾಣಿಕೆ ಕೊಡುವುದಾದರೆ ಹುಂಡಿಗೆ ಹಾಕಿ. ತಟ್ಟೆಗೆ ಹಾಕಿದ್ದು ಸಾಮಾನ್ಯವಾಗಿ ಅರ್ಚಕರಿಗೆ, ಹುಂಡಿಗೆ ಹಾಕಿದ್ದು ದೇವಸ್ಥಾನಕ್ಕೆ. ಅನ್ನದಾನಕ್ಕೆಂದೇ ಕೊಡಬೇಕಿದ್ದರೆ ಕೌಂಟರಿನಲ್ಲಿ ಹೇಳಿ ರಸೀದಿ ಪಡೆಯಿರಿ. ‘ವಿದೇಶಿ ಅತಿಥಿಗೆ ವಿಶೇಷ ಪೂಜೆ ಕಡ್ಡಾಯ’ ಎಂದು ಪ್ರಾಕಾರದಲ್ಲಿ ಬೆನ್ನುಹತ್ತುವವರಿದ್ದಾರೆ. ಅಂಥ ಕಡ್ಡಾಯ ಯಾವ ದರಪಟ್ಟಿಯಲ್ಲೂ ಇರುವುದಿಲ್ಲ. ರಸೀದಿ ಪುಸ್ತಕ ಇಲ್ಲದ ಕೈಗೆ ದುಡ್ಡು ಕೊಡಬೇಡಿ.