ಸೋಲುತ್ತಲೇ ಇರುವ ಹೈಸ್ಕೂಲ್ ಫುಟ್ಬಾಲ್ ತಂಡ: ಮುಚ್ಚಬೇಕೋ ಬೇಡವೋ ಅಂತ ತೀರ್ಮಾನಿಸುವುದು ಹೇಗೆ

ಫುಟ್ಬಾಲ್ (ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕಿಕೊಂಡು ಮೈಮೇಲೆ ನುಗ್ಗಿ ಆಡುವ ಅಮೆರಿಕನ್ ಫುಟ್ಬಾಲ್) ಸೀಸನ್ ಮುಗಿದು ನವೆಂಬರ್ ಬಂತೆಂದರೆ ಅಮೆರಿಕದ ಎಷ್ಟೋ ಊರುಗಳ ಸ್ಕೂಲ್ ಬೋರ್ಡ್ ಮೀಟಿಂಗಿನಲ್ಲಿ ಒಂದೇ ಪ್ರಶ್ನೆ ಏಳುತ್ತದೆ. "ಒಂದೂ ಗೇಮ್ ಗೆಲ್ಲಲಿಲ್ಲ. ಈ ತಂಡ ಯಾಕೆ ಬೇಕು?" ನಾವಿರುವ ಮಿಷಿಗನ್‌ನಲ್ಲಿ ಇದು ಜಾಸ್ತಿ. ಶಾಲೆಗಳಲ್ಲಿ ಮಕ್ಕಳ ಸಂಖ್ಯೆಯೇ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಅದರ ಮೇಲೆ 1996ರಿಂದ ಇಲ್ಲಿ ಪಕ್ಕದ ಊರಿನ ಶಾಲೆಗೆ ಮಕ್ಕಳನ್ನು ಸೇರಿಸಬಹುದು ಅಂತ ಕಾನೂನಿದೆ. ಚೆನ್ನಾಗಿ ಆಡುವ ಹುಡುಗ ಗೆಲ್ಲುವ ತಂಡ ಇರುವ ಕಡೆ ಹೋಗಿಬಿಡುತ್ತಾನೆ. ಉಳಿದವರು ಸೋಲುತ್ತಾರೆ. ಸೋತ ತಂಡಕ್ಕೆ ಮುಂದಿನ ವರ್ಷ ಇನ್ನೂ ಕಡಿಮೆ ಜನ.

ನನ್ನ ಚಿಕ್ಕ ಮಗ ಅಂಥದ್ದೇ ಒಂದು ತಂಡದಲ್ಲಿ ಲೈನ್‌ಮನ್, ಅಂದರೆ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ತಳ್ಳುವವನು. ನಾನು ಫಿಸಿಕಲ್ ಥೆರಪಿಸ್ಟ್. ಶುಕ್ರವಾರ ರಾತ್ರಿ ಕನ್ಸೆಶನ್ ಸ್ಟ್ಯಾಂಡಿನಲ್ಲಿ ನಾಚೋಸ್ ಕೊಡುತ್ತಿದ್ದರೂ ಕಣ್ಣು ಮಾತ್ರ ಮೈದಾನದಲ್ಲಿರುವ ಮಕ್ಕಳ ಮೊಣಕಾಲಿನ ಮೇಲೆ. ನಮ್ಮ ಕನ್ನಡದವರಲ್ಲಿ ಹಲವರು "ನಮಗ್ಯಾಕ್ರೀ ಆ ಆಟದ ಉಸಾಬರಿ" ಅಂತಾರೆ. ಆದರೆ ಮನೆ ಇದ್ದರೆ ಸ್ಕೂಲ್ ಟ್ಯಾಕ್ಸ್ ಕಟ್ಟುವವರು ನಾವೇ. ಬೋರ್ಡ್ ಚುನಾವಣೆಯಲ್ಲಿ ಸಿಟಿಜನ್ ಆದವರಿಗೆ ಓಟಿದೆ. ಹಾಫ್‌ಟೈಮಿನಲ್ಲಿ ಕ್ಲಾರಿನೆಟ್ ಹಿಡಿದು ಮೈದಾನಕ್ಕೆ ಇಳಿಯುವ ಬ್ಯಾಂಡಿನಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಹಾಗಾಗಿ ನಿಮ್ಮ ಊರಲ್ಲಿ ಈ ಮಾತು ಬಂದಾಗ ಏನು ನೋಡಬೇಕು, ಏನು ಕೇಳಬೇಕು ಅಂತ ಬರೆಯುತ್ತಿದ್ದೇನೆ.

ಸ್ಕೋರ್ ಬಿಡಿ, ತಲೆ ಎಣಿಸಿ

ಎಷ್ಟು ಗೇಮ್ ಸೋತರು ಅನ್ನುವುದು ಇಲ್ಲಿ ಬಹಳ ಸಣ್ಣ ವಿಷಯ. ಯಾರಾದರೂ ಸೋಲಲೇಬೇಕಲ್ವಾ. ಸೋತ ಚೆಸ್ ತಂಡವನ್ನು, ಸೋತ ಈಜು ತಂಡವನ್ನು ಮುಚ್ಚಿ ಅಂತ ಯಾರೂ ಹೇಳುವುದಿಲ್ಲ. ಫುಟ್ಬಾಲಿನಲ್ಲಿ ಅಪಾಯ ಇರುವುದು ಸೋಲಿನಲ್ಲಲ್ಲ, ಜನ ಸಾಲದೆ ಇರುವುದರಲ್ಲಿ.

ಎಷ್ಟು ಮಕ್ಕಳಿದ್ದಾರೆ ಅಂತ ಕೇಳಿದರೆ ಶಾಲೆಯವರು ಆಗಸ್ಟಿನ ಲಿಸ್ಟ್ ತೋರಿಸುತ್ತಾರೆ. ಅದನ್ನು ನಂಬಿ ಕೂರಬೇಡಿ. ಅಕ್ಟೋಬರ್ ನಡುವಿನಲ್ಲಿ, ಒಂದು ಮಂಗಳವಾರ ಸಂಜೆ ಪ್ರಾಕ್ಟೀಸಿಗೆ ಹೋಗಿ ಬೇಲಿ ಪಕ್ಕ ನಿಂತುಕೊಳ್ಳಿ. ಹೆಲ್ಮೆಟ್ ಹಾಕಿಕೊಂಡು ಓಡುತ್ತಿರುವವರನ್ನು ಮಾತ್ರ ಎಣಿಸಿ. ಕಾಲಿಗೆ ಬೂಟು ಕಟ್ಟಿಕೊಂಡು ನಿಂತವರು, ಊರುಗೋಲಿನವರು, ಜರ್ಸಿ ಹಾಕಿಕೊಂಡು ನೀರಿನ ಬಾಟಲಿ ಹಿಡಿದು ನಿಂತವರು ಲೆಕ್ಕಕ್ಕಿಲ್ಲ. ನಮ್ಮ ತಂಡದ ಪ್ರಾಕ್ಟೀಸಿನಲ್ಲಿ ನಾನು ನೋಡಿದ್ದು ಹೀಗಿತ್ತು: ಈ ಕಡೆ ಹನ್ನೊಂದು ಹುಡುಗರು ಸಾಲಾಗಿ ನಿಂತಿದ್ದಾರೆ. ಎದುರಿಗೆ ಆರು ಹುಡುಗರು, ಮಿಕ್ಕ ಜಾಗಗಳಲ್ಲಿ ಬೂದು ಬಣ್ಣದ ದೊಡ್ಡ ಕಸದ ಡಬ್ಬಗಳು. ಕೋಚ್ ಸೀಟಿ ಊದುತ್ತಾರೆ, ನನ್ನ ಮಗ ಮುಂದೆ ನುಗ್ಗಿ ಡಬ್ಬಕ್ಕೆ ಕೈ ಕೊಟ್ಟು ನಿಲ್ಲುತ್ತಾನೆ. ಡಬ್ಬ ಅಲುಗಾಡುವುದಿಲ್ಲ, ತಿರುಗಿ ತಳ್ಳುವುದಿಲ್ಲ. ಶುಕ್ರವಾರ ಎದುರಿಗೆ ಬರುವವನು ಎರಡೂ ಮಾಡುತ್ತಾನೆ. ದೊಡ್ಡ ಶಾಲೆಗಳೂ ಡಬ್ಬ ಇಟ್ಟುಕೊಂಡು ಅಭ್ಯಾಸ ಮಾಡಿಸುವುದುಂಟು, ಅದು ತಪ್ಪಲ್ಲ. ಆದರೆ ವಾರಪೂರ್ತಿ ಅದೊಂದೇ ದಾರಿ ಆದರೆ, ಹುಡುಗರಿಗೆ ನಿಜವಾದ ಹೊಡೆತ ತಡೆದುಕೊಳ್ಳುವುದನ್ನು ಕಲಿಯುವ ಅವಕಾಶವೇ ಇರುವುದಿಲ್ಲ.

ಎರಡನೆಯ ಲೆಕ್ಕ ವಯಸ್ಸಿನದು. ಒಂಬತ್ತನೇ ಕ್ಲಾಸಿನವರು, ಹತ್ತನೇ ಕ್ಲಾಸಿನವರು ಎಷ್ಟು? ಹನ್ನೊಂದು, ಹನ್ನೆರಡನೇ ಕ್ಲಾಸಿನವರು ಎಷ್ಟು? ನನಗೆ ಕೇಳಿದರೆ ಇದೇ ಮುಖ್ಯವಾದ ಅಂಕಿ. ದೊಡ್ಡ ಹುಡುಗರು ಸಾಲದಿದ್ದರೆ 14 ವರ್ಷದ ಹುಡುಗ ವಾರ್ಸಿಟಿ (ಶಾಲೆಯ ಮುಖ್ಯ) ತಂಡಕ್ಕೆ ಬರುತ್ತಾನೆ. ಎದುರು ಊರಿನಿಂದ ಬಂದವನಿಗೆ 18. ನಾಲ್ಕು ವರ್ಷ ವೇಟ್ ಎತ್ತಿದ್ದಾನೆ, ಗಡ್ಡ ಬಂದಿದೆ. ನಮ್ಮ ಹುಡುಗನ ಮೂಳೆಗಳು ಇನ್ನೂ ಬೆಳೆಯುತ್ತಿವೆ, ತುದಿಯಲ್ಲಿರುವ ಬೆಳವಣಿಗೆಯ ಭಾಗ ಇನ್ನೂ ಗಟ್ಟಿಯಾಗಿಲ್ಲ. ಮೂರನೆಯದು, ಎಷ್ಟು ಹುಡುಗರು ಎರಡೂ ಕಡೆ ಆಡುತ್ತಾರೆ ಅಂತ ನೋಡಿ. ಹೈಸ್ಕೂಲ್ ಗೇಮ್ ಅಂದರೆ 12 ನಿಮಿಷದ ನಾಲ್ಕು ಕ್ವಾರ್ಟರ್. ಆಫೆನ್ಸ್ (ಚೆಂಡು ನಮ್ಮ ಕೈಯಲ್ಲಿದ್ದಾಗ), ಡಿಫೆನ್ಸ್ (ಎದುರಿನವರ ಕೈಯಲ್ಲಿದ್ದಾಗ), ಕಿಕ್ ಹೀಗೆ ಎಲ್ಲದಕ್ಕೂ ಅದೇ ಹುಡುಗ ನಿಂತರೆ ಕೊನೆಯ ಕ್ವಾರ್ಟರಿಗೆ ಕಾಲು ಸೋತಿರುತ್ತದೆ, ತಲೆ ತಗ್ಗುತ್ತದೆ. ತಲೆ ತಗ್ಗಿಸಿ ಟ್ಯಾಕಲ್ ಮಾಡುವುದೇ (ಚೆಂಡು ಹಿಡಿದವನನ್ನು ಕೆಡವುವುದೇ) ಕುತ್ತಿಗೆಗೆ ಎಲ್ಲಕ್ಕಿಂತ ಅಪಾಯ.

ನನ್ನ ಅಳತೆ ಹೇಳುತ್ತೇನೆ. ಅಕ್ಟೋಬರಿನಲ್ಲಿ ಗಟ್ಟಿಮುಟ್ಟಾಗಿರುವ ಹುಡುಗರು 22ಕ್ಕಿಂತ ಕಡಿಮೆ, ಅವರಲ್ಲಿ ಮೇಲಿನ ಎರಡು ಕ್ಲಾಸಿನವರು ಒಂದು ಕಡೆ ನಿಲ್ಲಿಸುವಷ್ಟೂ ಇಲ್ಲ ಅಂದರೆ, ಆ ಶಾಲೆ 11 ಜನರ ವಾರ್ಸಿಟಿ ಆಡಬಾರದು. ಹಾಗಂತ ಫುಟ್ಬಾಲನ್ನೇ ಮುಚ್ಚಬೇಕು ಅಂತಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಾಯುವವರು ಯಾರು

ತಂಡ ನಡೆಸುವ ಹಕ್ಕು ಇರಬೇಕಾದರೆ ಮೈದಾನದ ಅಂಚಿನಲ್ಲಿ ಅಥ್ಲೆಟಿಕ್ ಟ್ರೇನರ್ (ಕೋಚ್ ಅಲ್ಲ, ಪೆಟ್ಟಾದವರನ್ನು ನೋಡಿಕೊಳ್ಳುವವರು) ಇರಲೇಬೇಕು. ಗೇಮಿಗೆ ಮಾತ್ರವಲ್ಲ, ಪ್ರಾಕ್ಟೀಸಿಗೂ. ಅಥ್ಲೆಟಿಕ್ ಡೈರೆಕ್ಟರ್ ಹತ್ತಿರ ನೇರವಾಗಿ ಕೇಳಿ: ವಾರದಲ್ಲಿ ಎಷ್ಟು ದಿನ ಬರುತ್ತಾರೆ? ಅವರು ಸಾಕು ಅಂದರೆ ಕೋಚ್ ಕೇಳುತ್ತಾರಾ?

2006ರಲ್ಲಿ ವಾಷಿಂಗ್ಟನ್ ರಾಜ್ಯದ ಝಾಕರಿ ಲಿಸ್ಟೆಡ್ ಅನ್ನುವ 13 ವರ್ಷದ ಹುಡುಗ ತಲೆಗೆ ಪೆಟ್ಟು ಬಿದ್ದ ಮೇಲೂ ಅದೇ ಗೇಮಿನಲ್ಲಿ ಮತ್ತೆ ಆಡಲು ಇಳಿದ. ಮೆದುಳಿನಲ್ಲಿ ರಕ್ತಸ್ರಾವವಾಗಿ ಬದುಕೇ ಬದಲಾಗಿ ಹೋಯಿತು. 2009ರಲ್ಲಿ ಆ ರಾಜ್ಯ ಅವನ ಹೆಸರಲ್ಲಿ ಕಾನೂನು ತಂದಿತು: ಕನ್ಕಶನ್ (ಪೆಟ್ಟಿನಿಂದ ಮೆದುಳು ಅಲುಗಿದ) ಅನುಮಾನ ಬಂದರೆ ಆ ಕ್ಷಣವೇ ಹೊರಗೆ, ವೈದ್ಯರ ಕಡೆಯವರು ಬರೆದು ಕೊಡುವವರೆಗೆ ವಾಪಸ್ ಇಲ್ಲ. 2014ರ ಹೊತ್ತಿಗೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇಂಥ ಕಾನೂನು ಬಂತು. ಆದರೆ ಬದಲಿ ಆಟಗಾರನೇ ಇಲ್ಲದ ತಂಡದಲ್ಲಿ ಹುಡುಗನೇ "ನನಗೇನೂ ಆಗಿಲ್ಲ" ಅಂತಾನೆ. ತಾನು ಹೊರಗೆ ಬಂದರೆ ಗೇಮ್ ನಿಲ್ಲುತ್ತದೆ ಅಂತ ಅವನಿಗೆ ಗೊತ್ತು. ಅದಕ್ಕೇ ನಾನು ತಲೆ ಎಣಿಸಿ ಅಂತ ಅಷ್ಟು ಒತ್ತಿ ಹೇಳಿದ್ದು.

ಆಗಸ್ಟಿನ ಬಿಸಿಲಲ್ಲಿ ಐಸ್ ನೀರು ತುಂಬಿದ ಟಬ್ ಮೈದಾನದ ಪಕ್ಕ ಇದೆಯಾ ನೋಡಿ. ಹೀಟ್ ಸ್ಟ್ರೋಕ್ ಆದ ಹುಡುಗನನ್ನು ಮೊದಲು ತಣ್ಣಗೆ ಮಾಡಬೇಕು, ಆಮೇಲೆ ಆಂಬುಲೆನ್ಸ್. 2001ರಲ್ಲಿ ಮಿನೆಸೋಟ ವೈಕಿಂಗ್ಸ್ ಅನ್ನುವ ವೃತ್ತಿಪರ ತಂಡದ ಆಟಗಾರ ಕೋರಿ ಸ್ಟ್ರಿಂಗರ್ ಇದರಿಂದಲೇ ತೀರಿಕೊಂಡರು. ಅವರ ಹೆಸರಿನ ಸಂಸ್ಥೆ ಕನೆಕ್ಟಿಕಟ್ ಯೂನಿವರ್ಸಿಟಿಯಲ್ಲಿ ಈಗಲೂ ಇದನ್ನೇ ಸಾರಿ ಹೇಳುತ್ತಿದೆ.

ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ ಇದೆ. ಮಗ ಹೆಲ್ಮೆಟ್ ಮನೆಗೆ ತಂದಾಗ ತಿರುಗಿಸಿ ಒಳಗೆ ನೋಡಿ. ತಯಾರಾದ ವರ್ಷ ಅಚ್ಚಾಗಿರುತ್ತದೆ. ರಿಕಂಡಿಶನ್ (ಪರೀಕ್ಷಿಸಿ ರಿಪೇರಿ) ಮಾಡಿಸಿದ್ದರೆ ಆ ವರ್ಷದ ಸ್ಟಿಕರ್ ಅಂಟಿಸಿರುತ್ತಾರೆ. ಹತ್ತು ವರ್ಷ ದಾಟಿದ ಹೆಲ್ಮೆಟನ್ನು ರಿಕಂಡಿಶನ್ ಮಾಡುವ ಕಂಪನಿಗಳೇ ಮುಟ್ಟುವುದಿಲ್ಲ. ಸ್ಟಿಕರ್ ಇಲ್ಲ, ಪ್ಯಾಡಿನಲ್ಲಿ ಗಾಳಿ ನಿಲ್ಲುತ್ತಿಲ್ಲ, ಗಲ್ಲದ ಪಟ್ಟಿಯ ಗುಂಡಿ ಸಡಿಲ ಅಂದರೆ ಮರುದಿನವೇ ಹೋಗಿ ಬದಲಾಯಿಸಿಕೊಂಡು ಬನ್ನಿ. ಅರ್ಧ ತಂಡದ ಹೆಲ್ಮೆಟುಗಳು ಹೀಗಿದ್ದು, ಹೊಸದಕ್ಕೆ ದುಡ್ಡಿಲ್ಲ ಅಂತ ಶಾಲೆ ಹೇಳಿದರೆ, ಆ ಸೀಸನ್ ಶುರುವಾಗಲೇಬಾರದು. ಇದರಲ್ಲಿ ನನಗೆ ಎರಡು ಮಾತಿಲ್ಲ.

ದುಡ್ಡಿನ ಲೆಕ್ಕ

"ಫುಟ್ಬಾಲ್ ದುಡ್ಡು ತಿನ್ನುತ್ತದೆ" ಅಂತ ಒಬ್ಬರು, "ಫುಟ್ಬಾಲೇ ಬೇರೆ ಆಟಗಳನ್ನು ಸಾಕುತ್ತದೆ" ಅಂತ ಇನ್ನೊಬ್ಬರು. ಸುಮ್ನೆ ವಾದ ಮಾಡುವ ಬದಲು ಕಾಗದ ಕೇಳಿ. ಸರ್ಕಾರಿ ಶಾಲೆಗಳ ಲೆಕ್ಕವನ್ನು ನೋಡುವ ಹಕ್ಕು ನಿಮಗಿದೆ, ಮಿಷಿಗನ್‌ನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಇಮೇಲಿನಲ್ಲೇ ಕಳಿಸಬಹುದು. ಕೋಚುಗಳ ಸ್ಟೈಪೆಂಡ್, ಬಸ್ಸು, ರೆಫರಿಗಳು, ಸಲಕರಣೆ ಒಂದು ಕಡೆ. ಗೇಟ್ ಕಲೆಕ್ಷನ್, ಬೂಸ್ಟರ್ ಕ್ಲಬ್ (ತಂಡಕ್ಕೆ ದುಡ್ಡು ಕೂಡಿಸುವ ಊರಿನವರ ಗುಂಪು) ಕೊಟ್ಟದ್ದು, ಆಟಗಾರರ ಫೀ ಇನ್ನೊಂದು ಕಡೆ. ಒಂದು ಮಾತು ನೆನಪಿಡಿ: ಲೈಟಿನ ಕಂಬ, ಗ್ಯಾಲರಿ, ಹುಲ್ಲು ಕತ್ತರಿಸುವ ಖರ್ಚು ಫುಟ್ಬಾಲ್ ಹೋದರೂ ಹೋಗುವುದಿಲ್ಲ. ಟ್ರ್ಯಾಕ್, ಸಾಕರ್, ಬ್ಯಾಂಡ್ ಎಲ್ಲವೂ ಅದೇ ಮೈದಾನದಲ್ಲಿ. ಹುಡುಗಿಯರ ಆಟಕ್ಕೆ ಅನ್ಯಾಯ ಆಗುತ್ತಿದೆ ಅನ್ನುವ ದೂರೂ ಬರುತ್ತದೆ. ಅದು ನಿಜವಿದ್ದರೆ ಶಾಲೆಗಳಲ್ಲಿ ಹೆಣ್ಣು ಗಂಡು ಭೇದ ಕೂಡದು ಅನ್ನುವ 1972ರ ಟೈಟಲ್ ನೈನ್ ಕಾನೂನಿನಡಿ ಅದನ್ನೇ ನೇರವಾಗಿ ಎತ್ತಬೇಕು. ಹುಡುಗರ ತಂಡ ಮುಚ್ಚಿದ ಮಾತ್ರಕ್ಕೆ ಹುಡುಗಿಯರಿಗೆ ಹೊಸ ತಂಡ ಹುಟ್ಟುವುದಿಲ್ಲ.

ಮುಚ್ಚುವ ಮೊದಲು ನಡುವಿನ ದಾರಿಗಳು

ಬೋರ್ಡಿನಲ್ಲಿ ಮಾತು ಯಾವಾಗಲೂ "ಇರಲಿ" ಅಥವಾ "ಬೇಡ" ಅನ್ನುವ ಎರಡರಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ನೀವು ಎದ್ದು ನಿಂತು ಉಳಿದ ದಾರಿಗಳನ್ನು ಹೇಳಬೇಕು.

ಮೊದಲನೆಯದು ಎಂಟು ಜನರ ಫುಟ್ಬಾಲ್. ಮಿಷಿಗನ್‌ನಲ್ಲಿ ಇದಕ್ಕೆ 2011ರಿಂದ ರಾಜ್ಯಮಟ್ಟದ ಪ್ಲೇಆಫ್ ಇದೆ. ಮೈದಾನದ ಅಗಲ 53 ಗಜದಿಂದ 40ಕ್ಕೆ ಇಳಿಯುತ್ತದೆ, ಲೈನಿನಲ್ಲಿ ಜನ ಕಡಿಮೆ, ಓಟ ಜಾಸ್ತಿ. ಊರಿನ ಹಿರಿಯರು "ಅದು ಫುಟ್ಬಾಲೇ ಅಲ್ಲ" ಅಂತ ಮೂಗು ಮುರಿಯುತ್ತಾರೆ. ಅವರನ್ನು ಒಂದು ಗೇಮಿಗೆ ಕರೆದುಕೊಂಡು ಹೋಗಿ. ಇನ್ನೂ ಸಣ್ಣ ಶಾಲೆಗಳಿಗೆ ಆರು ಜನರ ಆಟವಿದೆ. ಅದು ಹುಟ್ಟಿದ್ದೇ ಕಷ್ಟಕಾಲದಲ್ಲಿ. 1934ರಲ್ಲಿ ನೆಬ್ರಾಸ್ಕದ ಸ್ಟೀಫನ್ ಎಪ್ಲರ್ ಅನ್ನುವ ಮೇಷ್ಟರು, ಹನ್ನೊಂದು ಹುಡುಗರು ಸಿಗದ ಶಾಲೆಗಳಿಗೋಸ್ಕರ ಅದನ್ನು ಕಟ್ಟಿದರು. ಮೊದಲ ಗೇಮ್ ನಡೆದದ್ದು ಅಲ್ಲಿನ ಹೀಬ್ರಾನ್ ಊರಲ್ಲಿ. ಅದರಲ್ಲಿ ಆರೂ ಜನ ಪಾಸ್ ಹಿಡಿಯಬಹುದು, ಫಸ್ಟ್ ಡೌನಿಗೆ (ಚೆಂಡು ತಮ್ಮಲ್ಲೇ ಉಳಿಸಿಕೊಳ್ಳಲು) ಹತ್ತಲ್ಲ, 15 ಗಜ ಬೇಕು. ಟೆಕ್ಸಸ್‌ನ ಸಣ್ಣ ಊರುಗಳಲ್ಲಿ ಇಂದಿಗೂ ಅದೇ ಹಬ್ಬ.

ಎರಡನೆಯದು ಕೋ-ಆಪ್. ಪಕ್ಕದ ಶಾಲೆಯ ಜೊತೆ ಸೇರಿ ಒಂದೇ ತಂಡ ಮಾಡುವುದು. ಯಾವ ಊರಿನ ಬಣ್ಣ, ಯಾವ ಹೆಸರು, ಯಾರ ಮೈದಾನ ಅನ್ನುವ ಜಗಳ ಬಂದೇ ಬರುತ್ತದೆ. ಆ ಜಗಳ ದೊಡ್ಡವರದು. ಮಕ್ಕಳಿಗೆ ಬಸ್ಸಿನ ವ್ಯವಸ್ಥೆ ಇದೆಯಾ ಅನ್ನುವುದನ್ನು ಮೊದಲು ಬಗೆಹರಿಸಿ. ಕೆಲಸ ಬಿಟ್ಟು ಮಗನನ್ನು ಹದಿನೈದು ಮೈಲಿ ಕರೆದೊಯ್ಯಲು ಆಗದ ಅಪ್ಪ ಅಮ್ಮಂದಿರ ಮಕ್ಕಳೇ ಮೊದಲು ಬಿಟ್ಟುಹೋಗುವುದು.

ಮೂರನೆಯದು, ವಾರ್ಸಿಟಿ ನಿಲ್ಲಿಸಿ ಒಂದೆರಡು ವರ್ಷ ಜೆವಿ (ಚಿಕ್ಕ ಕ್ಲಾಸಿನವರ ಎರಡನೇ ತಂಡ) ಮಾತ್ರ ಆಡುವುದು. 2017ರಲ್ಲಿ ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯ ಸೆಂಟೆನಿಯಲ್ ಹೈಸ್ಕೂಲ್ ಹುಡುಗರು ಸಾಲದೆ ಹೀಗೆ ಮಾಡಿತು. ಅದು ಬಡ ಊರಲ್ಲ, ಓದಿನಲ್ಲಿ ಹೆಸರು ಮಾಡಿದ ಶಾಲೆ. ಇದರಲ್ಲಿ ನೋವಾಗುವುದು ಹನ್ನೆರಡನೇ ಕ್ಲಾಸಿನವರಿಗೆ. ಅವರಿಗೆ ಇನ್ನೊಂದು ವರ್ಷ ಇಲ್ಲ. ಆ ಹುಡುಗರನ್ನು ಕೂರಿಸಿಕೊಂಡು, ಕಣ್ಣಿಗೆ ಕಣ್ಣು ಕೊಟ್ಟು ಹೇಳುವ ಕೆಲಸವನ್ನು ಪ್ರಿನ್ಸಿಪಾಲರೇ ಮಾಡಬೇಕು. ಇಮೇಲಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು.

ಇವು ಯಾವುವೂ ಆಗದು, ಟ್ರೇನರ್ ಇಲ್ಲ, ಹುಡುಗರೂ ಇಲ್ಲ ಅಂದರೆ ಮುಚ್ಚಿ. ನನ್ನ ಮಗನ ತಂಡವೇ ಆಗಿದ್ದರೂ ನಾನು ಇದನ್ನೇ ಹೇಳುತ್ತೇನೆ.

ಯಾವ ವಾದ ಬೇಡ

ಮೆದುಳಿನ ಕಾಯಿಲೆಯ ಮಾತು ಬರುತ್ತದೆ, ಬರಬೇಕು ಕೂಡ. ಬಾಸ್ಟನ್ ಯೂನಿವರ್ಸಿಟಿಯವರು 2019ರಲ್ಲಿ, ತೀರಿಕೊಂಡ ಆಟಗಾರರ ಮನೆಯವರು ದಾನ ಕೊಟ್ಟ ಮೆದುಳುಗಳನ್ನು ಪರೀಕ್ಷಿಸಿ, ಟ್ಯಾಕಲ್ ಫುಟ್ಬಾಲ್ ಆಡಿದ ಪ್ರತಿ ವರ್ಷಕ್ಕೂ ಸಿಟಿಇ (ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಬರುವ ಮೆದುಳಿನ ಕಾಯಿಲೆ) ಬರುವ ಸಂಭವ ಸುಮಾರು 30 ಶೇಕಡಾ ಏರುತ್ತದೆ ಅಂತ ಹೇಳಿದರು. ಇದನ್ನು ಓದಿ ನಾನು ರಾತ್ರಿ ನಿದ್ದೆ ಬಿಟ್ಟದ್ದುಂಟು. ಆದರೆ ಈ ಮಾತು ನಿಜವಾದರೆ ಗೆಲ್ಲುವ ತಂಡಕ್ಕೂ ನಿಜ, ಇನ್ನೂ ಜಾಸ್ತಿಯೇ ನಿಜ, ಅವರು ಪ್ಲೇಆಫಿಗೆ ಹೋಗಿ ಹೆಚ್ಚು ಗೇಮ್ ಆಡುತ್ತಾರೆ. ಪಕ್ಕದೂರಿನ ಚಾಂಪಿಯನ್ ತಂಡಕ್ಕೆ ಚಪ್ಪಾಳೆ ತಟ್ಟಿ, ಸೋಲುವ ಬಡ ಶಾಲೆಗೆ ಮಾತ್ರ ಮೆದುಳಿನ ಪಾಠ ಹೇಳುವುದು ನ್ಯಾಯವಲ್ಲ. ಆಟವೇ ಬೇಡ ಅನ್ನುವವರು ಎಲ್ಲರಿಗೂ ಬೇಡ ಅನ್ನಲಿ. ಆ ಮಾತಿಗೆ ನಾನು ಮರ್ಯಾದೆ ಕೊಡುತ್ತೇನೆ.

"ಇಷ್ಟು ಸೋತರೆ ಮಕ್ಕಳ ಮನಸ್ಸು ಒಡೆಯುತ್ತದೆ" ಅನ್ನುವ ಮಾತನ್ನೂ ಮಕ್ಕಳನ್ನು ಕೇಳದೆ ಆಡಬೇಡಿ. ಮಿಷಿಗನ್‌ನಲ್ಲಿ ಹಾಫ್‌ಟೈಮ್ ಕಳೆದ ಮೇಲೆ ಅಂತರ 35 ಪಾಯಿಂಟ್ ಆದರೆ ಗಡಿಯಾರ ನಿಲ್ಲಿಸದೆ ಓಡಿಸುತ್ತಾರೆ. ಹಾಗೆ ಸೋತು ಬಂದ ರಾತ್ರಿ ನನ್ನ ಮಗ ಕಾರಿನಲ್ಲಿ ಮಾತಾಡುವುದಿಲ್ಲ. ಮನೆಗೆ ಬಂದು ಮೂರು ತಟ್ಟೆ ಚಿತ್ರಾನ್ನ ತಿಂದು, ಶನಿವಾರ ಬೆಳಗ್ಗೆ ಅಲಾರಂ ಇಲ್ಲದೆ ಎದ್ದು ಗೇಮಿನ ವಿಡಿಯೋ ನೋಡಲು ಹೋಗುತ್ತಾನೆ. ನಿಮ್ಮ ಊರಿನ ಹುಡುಗರು ಹಾಗಿಲ್ಲದಿರಬಹುದು. ಕೋಚ್ ಇಲ್ಲದ ಕಡೆ ಕೂರಿಸಿಕೊಂಡು ಕೇಳಿ, ಬಿಟ್ಟುಹೋದವರನ್ನೂ ಕೇಳಿ. ಬಿಟ್ಟವರು ಹೇಳುವ ಕಾರಣ ಬಹಳ ಸಲ ಸೋಲಾಗಿರುವುದಿಲ್ಲ: ಕೋಚಿನ ಬಾಯಿ, ಸಂಜೆಯ ಪಾರ್ಟ್ ಟೈಂ ಕೆಲಸ, ಮನೆಗೆ ಬರಲು ಬಸ್ಸಿಲ್ಲದಿರುವುದು.

ಯಾವಾಗ, ಹೇಗೆ ಮಾತಾಡಬೇಕು

ಎಲ್ಲಕ್ಕಿಂತ ಕೆಟ್ಟದ್ದು ಸೀಸನ್ ನಡುವೆ ತಂಡ ನಿಲ್ಲಿಸುವುದು. ಎದುರು ತಂಡಗಳ ಶುಕ್ರವಾರಗಳು ಖಾಲಿಯಾಗುತ್ತವೆ, ಅವರ ಹೋಮ್‌ಕಮಿಂಗ್ (ಹಳೆಯ ವಿದ್ಯಾರ್ಥಿಗಳೂ ಸೇರುವ ಶಾಲೆಯ ಹಬ್ಬ) ಕೆಡುತ್ತದೆ. ನಮ್ಮ ಹುಡುಗರು ಬೇರೆ ಶಾಲೆಗೆ ಹೋದರೂ ವರ್ಗಾವಣೆ ನಿಯಮಗಳಿಂದಾಗಿ ತಕ್ಷಣ ಆಡಲು ಆಗದೆ ಇರಬಹುದು. ಹಾಗಾಗಿ ತೀರ್ಮಾನ ಚಳಿಗಾಲದಲ್ಲೇ ಆಗಬೇಕು. ಮುಂದಿನ ವರ್ಷದ ಶೆಡ್ಯೂಲ್ ಆಗ ಕೂಡುತ್ತದೆ, ಕೋ-ಆಪ್ ಅರ್ಜಿಗೂ ಗಡುವು ಇರುತ್ತದೆ. ಜನವರಿಯ ಮೀಟಿಂಗಿಗೆ ಹೋಗಿ.

ಸಾರ್ವಜನಿಕರ ಮಾತಿಗೆ ಸಾಮಾನ್ಯವಾಗಿ ಮೂರು ನಿಮಿಷವಷ್ಟೇ ಸಿಗುತ್ತದೆ. ಬರೆದುಕೊಂಡು ಹೋಗಿ. ಭಾವುಕ ಮಾತನ್ನು ಬೇರೆಯವರು ಬೇಕಾದಷ್ಟು ಆಡುತ್ತಾರೆ, ನೀವು ಅಂಕಿ ಇಡಿ: ಅಕ್ಟೋಬರಿನಲ್ಲಿ ಎಷ್ಟು ಹುಡುಗರಿದ್ದರು, ಯಾವ ಕ್ಲಾಸಿನವರು, ಟ್ರೇನರ್ ಎಷ್ಟು ದಿನ, ಹೆಲ್ಮೆಟುಗಳ ವರ್ಷ. ಆಮೇಲೆ ಒಂದೇ ಒಂದು ಬೇಡಿಕೆ. "ಎಂಟು ಜನರ ತಂಡಕ್ಕೆ ಬದಲಾಗಿ" ಅಥವಾ "ಕೋ-ಆಪ್ ಮಾತುಕತೆಗೆ ಕಮಿಟಿ ಮಾಡಿ" ಅಥವಾ "ಈ ವರ್ಷ ಜೆವಿ ಮಾತ್ರ". ಮೂರನ್ನೂ ಕೇಳಿದರೆ ಒಂದೂ ಸಿಗುವುದಿಲ್ಲ. ಜೊತೆಗೆ ಬ್ಯಾಂಡ್ ಡೈರೆಕ್ಟರನ್ನೂ ಕರೆದುಕೊಂಡು ಹೋಗಿ. ಫುಟ್ಬಾಲ್ ಹೋದರೆ ಆ ಎಪ್ಪತ್ತು ಎಂಬತ್ತು ಮಕ್ಕಳು ಶುಕ್ರವಾರ ಎಲ್ಲಿ ನುಡಿಸಬೇಕು ಅನ್ನುವ ಪ್ರಶ್ನೆಗೆ ಬೋರ್ಡಿನಲ್ಲಿ ಯಾರ ಹತ್ತಿರವೂ ಉತ್ತರ ಇರುವುದಿಲ್ಲ.

ಓಟು ಯಾವ ಕಡೆ ಬಿದ್ದರೂ ಮಾರನೆಯ ದಿನ ಎಂಟನೇ ಕ್ಲಾಸಿನ ಮಕ್ಕಳ ಮನೆಗಳಿಗೆ ಫೋನ್ ಮಾಡಿಸಿ. ತಂಡ ಉಳಿದರೆ, ಈ ವರ್ಷ ಒಂಬತ್ತನೇ ಕ್ಲಾಸಿನವರನ್ನು ವಾರ್ಸಿಟಿಗೆ ಇಳಿಸುವುದಿಲ್ಲ ಅಂತ ಕೋಚ್ ಬಾಯಲ್ಲೇ ಹೇಳಿಸಿ. ಆ ಒಂದು ಭರವಸೆ ಸಿಕ್ಕರೆ ಎಷ್ಟೋ ಅಮ್ಮಂದಿರು ಫಾರಂಗೆ ಸಹಿ ಹಾಕುತ್ತಾರೆ. ತಂಡ ಹೋದರೆ, ಆಡಬೇಕೆಂದಿದ್ದ ಹುಡುಗರಿಗೆ ಯಾವ ಶಾಲೆಯ ಜೊತೆ ಆಡಲು ಅವಕಾಶ ಇದೆ, ಕುಸ್ತಿ ಮತ್ತು ಟ್ರ್ಯಾಕ್ ಕೋಚುಗಳ ಫೋನ್ ನಂಬರ್ ಏನು, ವೇಟ್ ರೂಮ್ ಬೇಸಿಗೆಯಲ್ಲಿ ಎಷ್ಟು ಗಂಟೆಗೆ ತೆರೆದಿರುತ್ತದೆ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಅದೇ ವಾರ ಮನೆಮನೆಗೆ ತಲುಪಿಸಿ.